ಬಿಳಿ ಚುಕ್ಕೆಯ ಪೈಪು

ಒಂಬತ್ತೂವರೆಗೆ ಬರಬೇಕಿದ್ದ ಕಾರು ಬರಲಿಲ್ಲ. ಬಂದದ್ದು ಪೊಲೀಸ್ ಸಾರ್ಜೆಂಟ್ ಹ್ಯಾಡೊನ ಫೋನು.

"ಬ್ರೂನಾ, ಟೋ ಲಾರಿ ತಗೊಂಡು ಬೊರ್ಸಾತೊ ಕ್ರಾಸಿಂಗಿಗೆ ಬಾ. ಕಬ್ಬಿನ ರೈಲು ಕಾರಿಗೆ ಗುದ್ದಿದೆ."

"ಯಾರ ಕಾರು?"

"ಬಾ ಮೊದಲು," ಎಂದು ಹ್ಯಾಡೊ ಫೋನಿಟ್ಟ.

ಯಾರದೆಂದು ಅವಳಿಗೆ ಗೊತ್ತಾಗಿಹೋಗಿತ್ತು. ತನ್ನ ರಿಪೇರಿ ಗ್ಯಾರೇಜಿನ ಬೆಂಚಿನ ಮೇಲೆ ಎರಡು ಕಾಫಿ ಲೋಟ ತೊಳೆದಿಟ್ಟಿದ್ದಳು. ಒಂದು ತನಗೆ. ಇನ್ನೊಂದು ಎಲ್ವಿಯೊ ಬೊರ್ಸಾತೊಗೆ. ಎಂಬತ್ತೊಂದರ ಮುದುಕ. ಗದ್ದೆ ಮಾರಿದ ಮೇಲೂ ಊರಿನ ಕಬ್ಬಿನ ಬೆಲೆ ಬಗ್ಗೆ ಎಲ್ಲರ ಹತ್ತಿರ ಜಗಳ ಕಾಯುತ್ತಿದ್ದವನು. ಹಿಂದಿನ ಸಂಜೆ ಫೋನು ಮಾಡಿದ್ದ.

"ನನ್ ಮುದುಕಿಗೆ ಹುಷಾರಿಲ್ಲ ಕಣೇ," ಎಂದಿದ್ದ. ಮುದುಕಿ ಎಂದರೆ ಹೆಂಡತಿಯಲ್ಲ, ಕಾರು. "ಓಡೋವಾಗ ಚೆನ್ನಾಗೇ ಓಡ್ತಾಳೆ. ಆಕ್ಸಿಲರೇಟರಿಂದ ಕಾಲೆತ್ತಿದ್ರೆ ಸಾಕು, ಪಕ್ ಅಂತ ನಿಂತೋಗ್ತಾಳೆ."

"ಈಜಿಆರ್ ವಾಲ್ವ್ ಇರ್ಬೇಕು ಜೀಯೊ. ಮಸಿ ಕಟ್ಕೊಂಡು ಬಾಯಿ ತೆರೆದೇ ಉಳಿದಿರುತ್ತೆ. ಟೋ ಲಾರಿ ಕಳಿಸ್ತೀನಿ ಇರಿ," ಎಂದಿದ್ದಳು ಬ್ರೂನಾ. ಊರಿನ ಮುದುಕರೆಲ್ಲ ಅವಳಿಗೆ ಜೀಯೊ, ಮಾವ.

"ನನ್ ಕಾರನ್ನ ಹೆಣ ಹೊತ್ತ ಹಾಗೆ ಹೊತ್ಕೊಂಡು ಹೋಗ್ತೀಯಾ? ನಾನೇ ತರ್ತೀನಿ."

ಬ್ರೂನಾ ನಕ್ಕಿದ್ದಳು. "ಸರಿ ಮಾರಾಯ್ರೇ. ನಿಲ್ಲಿಸೋ ಕಡೆಯೆಲ್ಲ ಎಡಗಾಲಲ್ಲಿ ಬ್ರೇಕು, ಬಲಗಾಲು ಆಕ್ಸಿಲರೇಟರ್ ಮೇಲೇ. ಎತ್ತಬೇಡಿ ಮಾತ್ರ."

ಈಗ ಅವಳು ಎರಡನೆಯ ಲೋಟವನ್ನು ಬೋರಲು ಹಾಕಿ, ಟೋ ಲಾರಿಯ ಕೀಲಿ ತೆಗೆದುಕೊಂಡಳು.

ಕ್ರಾಸಿಂಗಿನಲ್ಲಿ ಹಳೆಯ ಬಿಳಿ ಸ್ಟೇಷನ್ ವ್ಯಾಗನ್ ಚರಂಡಿಯಲ್ಲಿ ನಿಂತಿತ್ತು. ಹಿಂಭಾಗ ಪೂರ್ತಿ ನಜ್ಜುಗುಜ್ಜು. ಮೂತಿಗೆ ಒಂದು ಗೀರೂ ಇಲ್ಲ. ಎಲ್ವಿಯೊನನ್ನು ಆಗಲೇ ಒಯ್ದಿದ್ದರು. ತಲೆಗೆ ಬಿದ್ದ ಏಟು, ಅಲ್ಲೇ ಜೀವ ಹೋಗಿತ್ತು. ಅವನ ಹುಲ್ಲಿನ ಟೋಪಿ ಹಳಿಯ ಪಕ್ಕ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಬ್ರೂನಾ ಎತ್ತಿಕೊಂಡಳು.

* * *

ರೈಲಿನ ಡ್ರೈವರ್ ಲೆಸ್ಟರ್ ಹಳಿಯ ಮೇಲೆ ಕುಳಿತಿದ್ದ. ನಲವತ್ತರ ದಪ್ಪ ಆಳು.

"ನಿದ್ದೆ ಬಂದಿತ್ತಾ ಲೆಸ್ಟರ್?" ಬ್ರೂನಾ ನೇರವಾಗಿ ಕೇಳಿದಳು.

"ನೀನೂ ಅದನ್ನೇ ಕೇಳ್ತೀಯಾ? ಮೂರು ಸಲ ಹಾರನ್ ಹೊಡೆದೆ. ನೂರಾರು ಟನ್ ಕಬ್ಬು ಹಿಂದೆ. ಬ್ರೇಕ್ ಹಾಕಿದ ತಕ್ಷಣ ನಿಲ್ಲೋಕೆ ಅದೇನು ಸೈಕಲ್ಲಾ?"

"ನೀನು ಕಂಡದ್ದು ಹೇಳು."

"ಕಾರು ಚೆನ್ನಾಗೇ ಬರ್ತಿತ್ತು. ಹಳಿ ಹತ್ರ ಬಂದು ನಿಧಾನ ಆಯ್ತು. ಮುಂದಿನ ಗಾಲಿ ದಾಟ್ತು. ಅಲ್ಲೇ ನಿಂತುಬಿಡ್ತು. ಮುದುಕಪ್ಪ ತಲೆ ತಗ್ಗಿಸ್ಕೊಂಡೇ ಇದ್ದ. ನನ್ ಕಡೆ ತಿರುಗಿ ನೋಡ್ಲೇ ಇಲ್ಲ ಬ್ರೂನಾ." ಅವನು ಮುಖ ಮುಚ್ಚಿಕೊಂಡ.

ಸಾರ್ಜೆಂಟ್ ಹ್ಯಾಡೊ ಅವಳನ್ನು ಪಕ್ಕಕ್ಕೆ ಕರೆದ. "ಇವನು ಎರಡು ಪಾಳಿ ಸೇರಿಸಿ ಮಾಡಿದ್ದಾನೆ. ಹಾರನ್ ಕೇಳಿದವರು ಒಬ್ಬರೂ ಇಲ್ಲ. ತೂಕಡಿಸಿದ್ದಾನೆ ಅಂತ ನನ್ ಅಂದಾಜು."

"ಕಾರು ಹಳಿ ಮೇಲೆ ಯಾಕೆ ನಿಲ್ತು ಮತ್ತೆ?"

ಹ್ಯಾಡೊ ದನಿ ಇಳಿಸಿದ. "ಬೇಕಂತಲೇ ನಿಲ್ಲಿಸಿರಬಹುದು. ಮುದುಕನಿಗೆ ಮರೆವು ಶುರುವಾಗಿತ್ತಂತಲ್ಲ. ಬೇಸರ ಆಗಿ..."

"ಬಾಯಿ ಮುಚ್ಚು ಹ್ಯಾಡೊ."

"ನಾನಲ್ಲ ಅಂತಿರೋದು, ಬೇಕರಿ ಮುಂದೆ ನಿಂತು ಊರೇ ಅಂತಿದೆ. ನೋಡು, ಸೋಮವಾರ ಬೆಳಗ್ಗೆ ಲೆಸ್ಟರ್ ಮೇಲೆ ಕೇಸು ಹಾಕ್ತೀನಿ. ಜೈಲೂ ಆಗಬಹುದು. ಅಷ್ಟರೊಳಗೆ ಕಾರು ಏನಾದ್ರೂ ಹೇಳಿದ್ರೆ ಬರೆದುಕೊಡು."

ಸುತ್ತ ಏಳೆಂಟು ಊರಿಗೆ ಅಪಘಾತದ ಗಾಡಿ ಪರೀಕ್ಷೆ ಮಾಡಿ ವರದಿ ಕೊಡುವವಳು ಬ್ರೂನಾ ಒಬ್ಬಳೇ. ಅವಳು ಬಾಗಿಲು ಎಳೆದು ಒಳಗೆ ಬಗ್ಗಿ ನೋಡಿದಳು. ಕೀಲಿ ಸ್ಟಾರ್ಟ್ ಕಡೆಗೆ ತಿರುಗಿ ಬಾಗಿತ್ತು. ಗೇರಿನ ಕಡ್ಡಿ ನ್ಯೂಟ್ರಲಿನಲ್ಲಿತ್ತು.

"ಹ್ಯಾಡೊ, ಇಲ್ಲಿ ಬಾ. ಇದು ಆಟೋಮ್ಯಾಟಿಕ್ ಗಾಡಿ. ಪಾರ್ಕಿಗೋ ನ್ಯೂಟ್ರಲಿಗೋ ತರದೆ ಸ್ಟಾರ್ಟ್ ಆಗಲ್ಲ. ಸಾಯೋಕೆ ನಿಂತವನು ಗೇರ್ ಬದಲಾಯಿಸಿ ಕೀಲಿ ತಿರುಗಿಸ್ತಾ ಕೂತಿರ್ತಾನಾ? ಅವನು ತಲೆ ತಗ್ಗಿಸಿದ್ದು ಕೀಲಿ ನೋಡೋಕೆ. ಕಾರು ನಿಂತೋಗಿತ್ತು. ಹೊರಡಿಸೋಕೆ ಒದ್ದಾಡ್ತಿದ್ದ ಪಾಪ."

"ಇಳಿದು ಓಡಬಹುದಿತ್ತಲ್ಲ?"

"ಮೂವತ್ತೊಂಬತ್ತು ವರ್ಷದ ಕಾರನ್ನ ಬಿಟ್ಟು ಓಡೋ ಜಾತಿ ಅಲ್ಲ ಅವನು."

ಹ್ಯಾಡೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಆತ್ಮಹತ್ಯೆಯ ಮಾತು ಅಲ್ಲಿಗೆ ಮುಗಿಯಿತು. ಕಾರು ಯಾಕೆ ನಿಂತಿತು ಅನ್ನುವುದು ಉಳಿಯಿತು.

* * *

ಮರುದಿನ, ಶುಕ್ರವಾರ, ಬ್ರೂನಾ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಬಾನೆಟ್ ಎತ್ತಿದಳು.

ಉತ್ತರ ಸಿದ್ಧವಾಗೇ ಇತ್ತು ಅನ್ನಿ. ಫೋನಿನಲ್ಲಿ ಅವಳೇ ಹೇಳಿದ್ದಳಲ್ಲ, ಈಜಿಆರ್ ವಾಲ್ವ್. ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿನ ಹೊಟ್ಟೆಗೇ ಕಳಿಸುವ ಪುಟ್ಟ ಕವಾಟ ಅದು. ಗಾಡಿ ಓಡುವಾಗ ಮಾತ್ರ ತೆರೆಯಬೇಕು. ಆಕ್ಸಿಲರೇಟರಿಂದ ಕಾಲೆತ್ತಿದಾಗ ಮುಚ್ಚಿರಬೇಕು. ಆಗಲೂ ತೆರೆದಿದ್ದರೆ ಎಂಜಿನ್ನಿಗೆ ಗಾಳಿಯ ಬದಲು ಹೊಗೆ. ಉಸಿರುಕಟ್ಟಿ ಸಾಯುತ್ತದೆ.

ಬಿಚ್ಚಿ ನೋಡಿದಳು. ಮಸಿ ಇತ್ತು, ಬೆರಳಿಗೆ ಅಂಟುವಷ್ಟು. ಸಿಕ್ಕಿಕೊಳ್ಳುವಷ್ಟಲ್ಲ. ಕೈಪಂಪು ಹಚ್ಚಿ ಗಾಳಿ ಎಳೆದಳು. ವಾಲ್ವ್ ಸಲೀಸಾಗಿ ತೆರೆಯಿತು. ಪಂಪಿನ ಮಾಪಕದ ಮುಳ್ಳು ಇಳಿಯಲಿಲ್ಲ, ಅಂದರೆ ಒಳಗಿನ ಪೊರೆ ಹರಿದಿಲ್ಲ. ಬಿಟ್ಟಳು. ಟಕ್ ಎಂದು ಮುಚ್ಚಿಕೊಂಡಿತು. ಮತ್ತೆ ಹತ್ತು ಸಲ ಮಾಡಿದಳು. ಹತ್ತು ಸಲವೂ ಟಕ್.

ವಾಲ್ವಿಗೆ ಯಾವ ರೋಗವೂ ಇರಲಿಲ್ಲ.

"ಹಾಗಾದ್ರೆ ಯಾಕೆ ಸತ್ತೆಯೇ?" ಎಂದು ಕಾರನ್ನೇ ಕೇಳಿದಳು.

ವಾಲ್ವನ್ನು ಹಾಕಿ, ಎಂಜಿನ್ ಹೊರಡಿಸಿದಳು. ಆಕ್ಸಿಲರೇಟರ್ ಒತ್ತಿದರೆ ಗುನುಗು. ಬಿಟ್ಟರೆ ಗಡಗಡ ನಡುಗಿ, ಪಕ್. ಮುದುಕ ಹೇಳಿದ್ದು ಹೇಳಿದ ಹಾಗೇ ಇತ್ತು. ಈ ಸಲ ವಾಲ್ವಿಗೆ ಬರುವ ರಬ್ಬರ್ ಪೈಪನ್ನು ಕಿತ್ತು, ಹೊರಡಿಸಿ ಬಂದು, ತುದಿಗೆ ಬೆರಳಿಟ್ಟಳು. ಎಂಜಿನ್ ನಿಲ್ಲಲಿಲ್ಲ. ಆರಾಮಾಗಿ ಓಡುತ್ತಿತ್ತು. ಆದರೆ ಬೆರಳ ತುದಿಯನ್ನು ಪೈಪು ಜೋರಾಗಿ ಹೀರುತ್ತಿತ್ತು.

ಅವಳು ಬೆಚ್ಚಿದಳು. ಈ ಪೈಪು ಹೀರಿದರೇ ವಾಲ್ವ್ ತೆರೆಯುವುದು. ಆಕ್ಸಿಲರೇಟರ್ ಒತ್ತದಿರುವಾಗ ಅದು ಹೀರಲೇಬಾರದು.

ಎಂಜಿನ್ ಆರಿಸಿ, ಕನ್ನಡಕ ಏರಿಸಿ, ಪೈಪಿನ ಇನ್ನೊಂದು ತುದಿ ಹುಡುಕಿದಳು. ಕಾರ್ಬುರೇಟರ್ ಹತ್ತಿರ ಅಕ್ಕಪಕ್ಕ ಎರಡು ಮೂತಿ. ಒಂದು ಸದಾ ಹೀರುವುದು. ಇನ್ನೊಂದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹೀರುವುದು. ಎರಡನೆಯದರ ಮೇಲೆ ಒಂದು ಬಿಳಿ ಬಣ್ಣದ ಚುಕ್ಕೆ. ಪೈಪಿನ ತುದಿಯಲ್ಲೂ ಅಂಥದೇ ಚುಕ್ಕೆ. ಚುಕ್ಕೆಗೆ ಚುಕ್ಕೆ ಸೇರಬೇಕಿತ್ತು. ಸೇರಿರಲಿಲ್ಲ. ಎರಡು ಪೈಪುಗಳನ್ನು ಯಾರೋ ಅದಲುಬದಲು ಮಾಡಿದ್ದರು.

ಆ ಚುಕ್ಕೆ ಇಟ್ಟದ್ದು ಅವಳ ಅಪ್ಪ ನೆಲ್ಲೊ. ಯಾಕೆ ಇಟ್ಟನೆಂದು ನೆನಪಾದದ್ದೇ ತಡ, ಬ್ರೂನಾ ದೀಪವನ್ನು ಪೈಪಿನ ಹತ್ತಿರಕ್ಕೆ ಎಳೆದಳು.

ಪೈಪಿನ ತುದಿ ಮಿರುಗುತ್ತಿತ್ತು. ಹಳೆಯ ರಬ್ಬರು ಸುಲಭವಾಗಿ ಒಳಗೆ ಹೋಗುವುದಿಲ್ಲ. ಮೆಕ್ಯಾನಿಕ್ಕುಗಳು ಉಗುಳು ಹಚ್ಚಿ ತಳ್ಳುತ್ತಾರೆ. ಇಲ್ಲಿ ಹಚ್ಚಿದ್ದು ಬೇರೆ ಏನೋ. ಮೂಸಿದಳು. ಪಪ್ಪಾಯಿ ಮುಲಾಮು, ಬಿರಿದ ಚರ್ಮಕ್ಕೆ ಹಚ್ಚುವುದು.

* * *

"ಮುದುಕನೇ ಕೈಯಾಡಿಸಿರ್ತಾನೆ," ಎಂದ ಹ್ಯಾಡೊ, ಶನಿವಾರ ಬೆಳಗ್ಗೆ ಗ್ಯಾರೇಜಿಗೆ ಬಂದು ಪೈಪು ನೋಡಿ. "ಮರೆವಲ್ಲಿ ತೆಗೆದು, ಮರೆವಲ್ಲಿ ತಪ್ಪಾಗಿ ಹಾಕಿರ್ತಾನೆ."

"ಆ ಮುಲಾಮಿನ ವಾಸನೆ ಅಂದ್ರೆ ಅವನಿಗೆ ಆಗ್ತಿರಲಿಲ್ಲ. ಹಚ್ಕೊಂಡವರ ಪಕ್ಕ ಕೂರ್ತಿರಲಿಲ್ಲ. ತಾನೇ ಬದಲಾಯಿಸಿದ್ರೆ ನನಗ್ಯಾಕೆ ಫೋನ್ ಮಾಡ್ತಿದ್ದ?"

"ಮತ್ಯಾರು? ಯಾವನೋ ಪೋಲಿ ಹುಡುಗ?"

"ಬಾನೆಟ್ ಒಳಗಿನ ನಕ್ಷೆಯ ಕಾಗದ ಬಿಸಿಲಿಗೆ ಉದುರಿಹೋಗಿ ಹತ್ತು ವರ್ಷ ಆಯ್ತು. ಹತ್ತಾರು ಪೈಪು ಇವೆ ಅಲ್ಲಿ. ಗೊತ್ತಿಲ್ಲದವನು ಕೈ ಹಾಕಿದ್ರೆ ಬೇರೇನೋ ಕೆಡಿಸ್ತಾನೆ. ಇವೆರಡನ್ನೇ ಆರಿಸಿ ತೆಗೆದಿದ್ದಾರೆ. ಏನೂ ಮುರಿದಿಲ್ಲ, ಏನೂ ಕತ್ತರಿಸಿಲ್ಲ."

"ಯಾರಿಗೆ ಗೊತ್ತಿತ್ತು ಹಾಗಾದ್ರೆ?"

ಬ್ರೂನಾ ಪೈಪನ್ನು ಬಟ್ಟೆಯಲ್ಲಿ ಸುತ್ತಿದಳು. "ಮಧ್ಯಾಹ್ನದವರೆಗೆ ಟೈಮ್ ಕೊಡು. ಲೆಸ್ಟರ್ ತಪ್ಪು ಇಲ್ಲ ಅನ್ನೋದು ಮಾತ್ರ ಈಗಲೇ ತಿಳ್ಕೋ. ಕಾರು ನಿಧಾನ ಆಗಿ ನಿಂತದ್ದನ್ನ ಅವನು ಹೇಗೆ ಹೇಳಿದ್ನೋ ಪೈಪೂ ಹಾಗೇ ಹೇಳ್ತಿದೆ, ಅವನು ಎಚ್ಚರವಾಗೇ ಇದ್ದ."

* * *

ಎಲ್ವಿಯೊನ ಹೆಂಡತಿ ಇರ್ಮಾ ಬೊರ್ಸಾತೊ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ತಂಗಿಯರೆಲ್ಲ ಚರ್ಚಿಗೆ ಹೂವಿನ ವ್ಯವಸ್ಥೆಗೆ ಹೋಗಿದ್ದರು. ಮೇಜಿನ ತುಂಬ, ಸಾವಿನ ಮನೆಯಲ್ಲಿ ಅಡುಗೆ ಮಾಡಬಾರದೆಂದು ಊರವರು ತಂದಿಟ್ಟ ಲಸಾನ್ಯದ ತಟ್ಟೆಗಳು. ಒಂದನ್ನೂ ಮುಟ್ಟಿರಲಿಲ್ಲ.

"ಕೂತ್ಕೋ ಮಗಳೇ. ತಿಂದೆಯಾ?"

"ಆಯ್ತು ಜೀಯಾ." ಸುಳ್ಳು. ಆ ಊರಿನಲ್ಲಿ ಹಿರಿಯರೆಲ್ಲ ಜೀಯಾ, ಜೀಯೊ. ಅತ್ತೆ, ಮಾವ ಎಂದ ಹಾಗೆ. ಇರ್ಮಾ ಮಾತ್ರ ಬ್ರೂನಾಗೆ ಬರೀ ಬಾಯಿಮಾತಿನ ಅತ್ತೆ ಆಗಿರಲಿಲ್ಲ. ತಾಯಿಯಿಲ್ಲದ ಹುಡುಗಿಗೆ ಜಡೆ ಹಾಕಿದವಳು ಅವಳು.

"ವಾಲ್ವ್ ಕೆಟ್ಟಿತ್ತು ಅಲ್ವಾ?" ಇರ್ಮಾ ಕೇಳಿದಳು. ಕಣ್ಣು ಬ್ರೂನಾಳ ಮುಖದ ಮೇಲೆ ನೆಟ್ಟಿತ್ತು. "ನೀನು ಅವನಿಗೆ ಹಾಗೇ ಹೇಳಿದೆಯಂತೆ. ಮಸಿ ಕಟ್ಟಿದೆ ಅಂತ. ಹೌದು ತಾನೇ?"

ಬ್ರೂನಾ ಬಟ್ಟೆ ಬಿಚ್ಚಿ ಪೈಪನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲೇ, ಉಪ್ಪಿನ ಡಬ್ಬಿಯ ಹತ್ತಿರ, ಪಪ್ಪಾಯಿ ಮುಲಾಮಿನ ಕೆಂಪು ಡಬ್ಬಿ ಇತ್ತು. ಇರ್ಮಾಳ ಕೈ ಚಳಿಗಾಲ ಬೇಸಿಗೆ ಎನ್ನದೆ ಬಿರಿಯುತ್ತಿತ್ತು. ದಿನಕ್ಕೆ ನಾಲ್ಕು ಸಲ ಹಚ್ಚುತ್ತಿದ್ದಳು.

"ನನಗೆ ಹದಿನೇಳು ವರ್ಷ," ಎಂದಳು ಬ್ರೂನಾ. "ನೀವಿಬ್ಬರೂ ಹೊಸ ಟೈರ್ ಹಾಕಿಸೋಕೆ ಬಂದಿದ್ರಿ. ಎಂಜಿನ್ ಒರೆಸು ಅಂದ ಅಪ್ಪ. ಒರೆಸುವಾಗ ಈ ಎರಡು ಪೈಪು ಕಿತ್ತು ಬಂದ್ವು. ತಪ್ಪಾಗಿ ಹಾಕಿಬಿಟ್ಟೆ. ಒಂದು ವಾರ ಸಿಕ್ಕಸಿಕ್ಕಲ್ಲಿ ಗಾಡಿ ನಿಂತಿತು. ನೀವು ಪಕ್ಕದಲ್ಲಿ ಕೂತು ನಗ್ತಿದ್ರಂತೆ. ಮತ್ತೆ ಬಂದಾಗ ಅಪ್ಪ ನಿಮ್ಮ ಮುಂದೇನೇ ನನ್ನ ಬೈದ. ಬೆರಳಿಟ್ಟು ತೋರಿಸಿದ. ಇದು ಇಲ್ಲಿ, ಇದು ಅಲ್ಲಿ ಅಂತ. ಆಮೇಲೆ ಬಿಳಿ ಚುಕ್ಕೆ ಇಟ್ಟ. ನಾನು ಅಳ್ತಾ ಇದ್ದೆ. ನೀವು ಬ್ಯಾಗಿಂದ ಬಿಸ್ಕತ್ತು ತೆಗೆದು ಕೊಟ್ರಿ."

"ಸೋಂಪಿನ ಬಿಸ್ಕತ್ತು," ಎಂದಳು ಇರ್ಮಾ ಮೆಲ್ಲಗೆ.

"ಆ ತಪ್ಪು ಗೊತ್ತಿದ್ದವರು ನಾಲ್ಕೇ ಜನ ಜೀಯಾ. ಅಪ್ಪ ಹೋದ. ಜೀಯೊಗೆ ಮರೆತುಹೋಗಿತ್ತು, ಇಲ್ಲದಿದ್ರೆ ಫೋನಲ್ಲಿ ನನ್ನ ರೇಗಿಸದೆ ಬಿಡ್ತಿರಲಿಲ್ಲ. ನಾನು ಮಾಡಿಲ್ಲ."

ಇರ್ಮಾ ಪೈಪನ್ನು ಕೈಗೆತ್ತಿಕೊಂಡು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಮಂಗಳವಾರ ಮಾಡಿದೆ," ಎಂದಳು. "ಅವನು ಮಲಗಿದ್ದಾಗ."

"ಯಾಕೆ ಜೀಯಾ?"

"ಹೋದ ತಿಂಗಳು ಸ್ಕೂಲ್ ಬಸ್ಸಿಗೆ ಎದುರಾಗಿ ಹೋದ. ರಸ್ತೆಯ ತಪ್ಪು ಬದೀಲಿ. ಮಕ್ಕಳ ಮುಖ ಕಾಣಿಸ್ತು ಬ್ರೂನಾ, ಕಿಟಕೀಲಿ. ಮನೆ ಗೇಟಿನ ಮುಂದೆ ನಿಲ್ಲಿಸಿ, ನಮ್ಮನೆ ಎಲ್ಲಿ ಅಂತ ನನ್ನ ಕೇಳಿದ. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅಲ್ಲಿ ಹತ್ತು ನಿಮಿಷ ರಾಜನ ಹಾಗೆ ಕೂತು ಎಲ್ಲಕ್ಕೂ ಉತ್ತರ ಕೊಟ್ಟ. ಓಡಿಸಬಹುದು ಅಂತ ಬರೆದುಕೊಟ್ರು. ಕೀಲಿ ಬಚ್ಚಿಟ್ಟೆ. ಎರಡು ದಿನ ಹುಡುಕಿದ. ಮಗು ಥರ ಅತ್ತ. ನೋಡೋಕೆ ಆಗ್ಲಿಲ್ಲ, ಕೊಟ್ಬಿಟ್ಟೆ." ಅವಳು ಮೂಗು ಒರೆಸಿಕೊಂಡಳು. "ಆಗ ಇದು ನೆನಪಾಯ್ತು. ಏನೂ ಮುರಿಯಲ್ಲ, ಬರೀ ನಿಂತೋಗುತ್ತೆ. ಗೇಟೂ ದಾಟಲ್ಲ. ಬೇಜಾರಾಗಿ ಅವನೇ ಬಿಡ್ತಾನೆ ಅಂದ್ಕೊಂಡೆ. ಬುಧವಾರ ಎಲ್ಲ ಹಾಗೇ ಆಯ್ತು. ಹತ್ತು ಸಲ ಹೊರಡಿಸಿದ, ಹತ್ತು ಸಲ ನಿಂತೋಯ್ತು. ಅಬ್ಬ, ಗೆದ್ದೆ ಅಂದ್ಕೊಂಡೆ."

"ಆಮೇಲೆ ನನಗೆ ಫೋನ್ ಮಾಡಿದ."

"ಹೂಂ. ಗುರುವಾರ ಎದ್ದು ಎರಡು ಕಾಲಲ್ಲಿ ಓಡಿಸ್ತೀನಿ ನೋಡು, ಬ್ರೂನಾ ಹೇಳಿಕೊಟ್ಟಿದ್ದಾಳೆ ಅಂತ ಕುಣಿದ. ಗೇಟು ದಾಟೇಬಿಟ್ಟ. ಏಪ್ರನ್ನಲ್ಲೇ ಹಿಂದೆ ಓಡಿದೆ. ನಿಲ್ಸು, ನಾನೇ ಮಾಡಿದ್ದು, ನಿಲ್ಸು ಅಂತ ಕೂಗಿದೆ. ಟಪಾಲು ಪೆಟ್ಟಿಗೆವರೆಗೂ ಓಡಿದೆ. ಟಾಟಾ ಮಾಡ್ತಿದ್ದೀನಿ ಅಂದ್ಕೊಂಡ. ಕೈ ಬೀಸಿದ."

ಬ್ರೂನಾ ಅಳುತ್ತಿದ್ದಳು. ಗೇಟು ದಾಟಿಸಿದ್ದು ತಾನು. ಇಬ್ಬರು ಹೆಂಗಸರು, ಇಬ್ಬರದೂ ಪ್ರೀತಿಯೇ, ಇಬ್ಬರೂ ಸೇರಿ ಮುದುಕನನ್ನು ಹಳಿಯ ಮೇಲೆ ನಿಲ್ಲಿಸಿದ್ದರು. ಅವಳಿಗೆ ಒಂದೇ ಒಂದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ.

"ಮೂರು ಮೈಲಿ ಕಾಲು ಎತ್ತಲಿಲ್ಲ ಅವನು. ನಾನು ಅಷ್ಟು ಹೇಳಿದ್ದೆ. ಹಳಿ ಹತ್ರ ಯಾಕೆ ಎತ್ತಿದ ಜೀಯಾ? ಅಲ್ಲಿ ನಿಲ್ಲಿಸೋ ಬೋರ್ಡೂ ಇಲ್ಲ."

ಇರ್ಮಾ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ನನ್ ಬೆನ್ನಿಗೆ," ಎಂದಳು. "ಆಪರೇಷನ್ ಆದಾಗಿಂದ. ಆ ಹಳಿ ಮೇಲೆ ಕಾರು ಕುಲುಕಿದ್ರೆ ನನಗೆ ಜೀವ ಹೋದ ಹಾಗಾಗುತ್ತೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಾಲು ಎತ್ತಿ ಮೆತ್ತಗೆ ದಾಟಿಸ್ತಾನೆ. ನನ್ ಹೆಸರು ಮರೀತಿದ್ದ ಬ್ರೂನಾ. ಅದನ್ನ ಮರೀಲಿಲ್ಲ. ನಾನು ಪಕ್ಕದಲ್ಲಿ ಇರಲೂ ಇಲ್ಲ. ಆದ್ರೂ ಎತ್ತಿದ್ದಾನೆ."

ಆಗ ಅವಳು ಅತ್ತಳು. ಮೂರು ದಿನದಿಂದ ಅಳದವಳು ಮೇಜಿಗೆ ಹಣೆಯೊತ್ತಿ, ಸ್ವರ ತೆಗೆದು ಅತ್ತಳು. ಬ್ರೂನಾ ಎದ್ದು ಹೋಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

* * *

ಇರ್ಮಾಳ ಮುಂದೆ ನೀರಿನ ಲೋಟವಿಟ್ಟು ಬ್ರೂನಾ ಹೇಳಿದಳು.

"ಜೀಯಾ, ಪೈಪಿನ ವಿಷಯ ಪೂರ್ತಿ ಗೊತ್ತಿರೋದು ನನಗೊಬ್ಬಳಿಗೇ. ಹ್ಯಾಡೊಗೆ ಅರ್ಧ ಹೇಳಿದ್ದೀನಿ, ತಪ್ಪಾಗಿ ನೋಡಿದೆ ಅಂತೀನಿ. ವಾಲ್ವಲ್ಲಿ ಮಸಿ ಸಿಕ್ಕಿತ್ತು, ಹಳೇ ಗಾಡಿ, ನಿಂತೋಯ್ತು ಅಂತ ಬರೀತೀನಿ. ಲೆಸ್ಟರ್ ಉಳೀತಾನೆ. ನೀವೂ ಉಳೀತೀರಿ. ಯಾರಿಗೂ ನಷ್ಟ ಇಲ್ಲ."

ಇರ್ಮಾ ಕಣ್ಣೊರೆಸಿಕೊಂಡು ನೋಡಿದಳು. ಒಪ್ಪಿಬಿಡುತ್ತಾಳೆ ಅಂತಲೇ ಬ್ರೂನಾ ಅಂದುಕೊಂಡಳು.

"ವಾಲ್ವ್ ಕೆಟ್ಟಿತ್ತಾ?"

"ಇಲ್ಲ."

"ಮಸಿ?"

"ಒಂದು ಚೂರು. ಇಷ್ಟು ಹಳೇ ಗಾಡೀಲಿ ಅಷ್ಟು ಚೊಕ್ಕಟ ವಾಲ್ವ್ ನಾನು ನೋಡೇ ಇಲ್ಲ."

"ಮತ್ತೆ?" ಮುದುಕಿಯ ದನಿ ಗಟ್ಟಿಯಾಯಿತು. "ತಿಂಗಳ ಮೊದಲ ಶನಿವಾರ ತಪ್ಪಿಸದೆ ಅವನು ಕಾರಿನ ಕೆಳಗೆ ಮಲಗಿ ಕೆಲಸ ಮಾಡ್ತಿದ್ದ. ಮದುವೆ ದಿನ ಮರೆತ, ಅದನ್ನ ಮರೀಲಿಲ್ಲ. ಎಲ್ವಿಯೊ ಕಾರು ನೋಡ್ಕೊಳ್ಳಲಿಲ್ಲ, ಅದಕ್ಕೇ ಸತ್ತ ಅಂತ ನಾಳೆ ಬೇಕರಿ ಮುಂದೆ ಮಾತಾಡ್ಬೇಕಾ? ಅವನ ಜೀವ ತೆಗೆದೆ. ಮರ್ಯಾದೇನೂ ತೆಗೀಲಾ?"

ಬ್ರೂನಾ ಪೈಪನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗು. ಆ ಲೆಸ್ಟರ್ ಹೆಂಡತಿ ನಿನ್ನೆ ಇಲ್ಲಿಗೆ ಲಸಾನ್ಯ ತಂದಿದ್ಲು. ಯಾವ ಬಾಯಲ್ಲಿ ತಿನ್ನಲಿ ಅದನ್ನ?" ಅವಳು ಏಪ್ರನ್ ಬಿಚ್ಚಿ ಮಡಿಸಿಟ್ಟಳು. "ಮೊದಲು ಗ್ಯಾರೇಜಿಗೆ. ಆ ಪೈಪು ಸರಿಯಾಗಿ ಹಾಕು. ಒಂದು ಸಲ ಕೇಳ್ಬೇಕು."

* * *

ಹ್ಯಾಡೊ ಗ್ಯಾರೇಜಿನ ಬಾಗಿಲಲ್ಲೇ ಕಾಯುತ್ತಿದ್ದ. ಇರ್ಮಾಳೇ ಅವನಿಗೆ ಎಲ್ಲ ಹೇಳಿದಳು, ನಿಂತುಕೊಂಡೇ, ಒಂದೂ ಬಿಡದೆ. ಅವನು ನೋಟ್‌ಬುಕ್ ತೆಗೆದಿದ್ದ. ಅರ್ಧಕ್ಕೇ ಬರೆಯುವುದನ್ನು ನಿಲ್ಲಿಸಿದ.

"ಲೆಸ್ಟರ್‌ಗೆ ಈಗಲೇ ಫೋನ್ ಮಾಡ್ತೀನಿ," ಎಂದ. "ನಿಮ್ಮ ವಿಷಯ... ನಾನು ಬರೆದು ಮೇಲಿನವರಿಗೆ ಕಳಿಸ್ಬೇಕು ಅಮ್ಮ. ಬೇರೆ ದಾರಿ ಇಲ್ಲ."

"ಬರೀಪ್ಪ. ಕಾರು ಚೆನ್ನಾಗಿತ್ತು ಅಂತಾನೂ ಬರಿ."

ಬ್ರೂನಾ ಚುಕ್ಕೆಗೆ ಚುಕ್ಕೆ ಸೇರಿಸಿ ಪೈಪು ತಳ್ಳಿ, ಇನ್ನೊಂದನ್ನೂ ಅದರ ಮೂತಿಗೆ ಸೇರಿಸಿದಳು. ಇರ್ಮಾ ಮುಂದಿನ ಸೀಟಿನಲ್ಲಿ, ಎಡಗಡೆ, ತನ್ನ ಜಾಗದಲ್ಲಿ ಕುಳಿತು, ಬ್ರೂನಾ ಎತ್ತಿಟ್ಟಿದ್ದ ಎಲ್ವಿಯೊನ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಬ್ರೂನಾ ಬಂದು ಬಾಗಿದ ಕೀಲಿ ತಿರುಗಿಸಿದಳು. ಎಂಜಿನ್ ಹೊತ್ತಿಕೊಂಡಿತು. ಆಮೇಲೆ ಆಕ್ಸಿಲರೇಟರಿನಿಂದ ಕಾಲೆತ್ತಿದಳು.

ನಿಲ್ಲಲಿಲ್ಲ. ಮೆತ್ತಗೆ, ಒಂದೇ ಸಮ ಓಡುತ್ತಿತ್ತು.

ಇರ್ಮಾ ಕಣ್ಣು ಮುಚ್ಚಿ ಕೇಳಿದಳು. ಹ್ಯಾಡೊ ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಬ್ರೂನಾ ಆರಿಸಲು ಕೀಲಿಗೆ ಕೈಯಿಟ್ಟಾಗ ಮುದುಕಿ ಅವಳ ಮಣಿಕಟ್ಟು ಹಿಡಿದಳು.

"ಇರ್ಲಿ ಇನ್ನೊಂದು ಸ್ವಲ್ಪ ಹೊತ್ತು," ಎಂದಳು.